ನೆಟ್ ಇಲ್ಲದ ವೈಫೈ: ನಮ್ಮ ಲೈಬ್ರರಿಯಲ್ಲಿ ನಾನು ಮಾಡಿದ್ದು

ಕೌಂಟರಿಗೆ ಬಂದವರು ಈಗ ಪುಸ್ತಕ ಕೇಳುವುದು ಕಡಿಮೆ. "ಸಾರ್, ಹಳೇ ಕ್ವಶ್ಚನ್ ಪೇಪರ್ ಇದ್ಯಾ?" ಇದೇ ಮೊದಲ ಮಾತು. ತೀರ್ಥಹಳ್ಳಿ ಕಡೆಯ ನಮ್ಮ ಡಿಗ್ರಿ ಕಾಲೇಜಿನಲ್ಲಿ ಅಡಿಕೆ ಕೊಯ್ಲು ಶುರುವಾದರೆ ಅರ್ಧ ಕ್ಲಾಸ್ ಖಾಲಿ. ಪರೀಕ್ಷೆಗೆ ವಾರ ಇದೆ ಅನ್ನುವಾಗ ಎಲ್ಲರೂ ಒಟ್ಟಿಗೆ ಬರುತ್ತಾರೆ. ಬೇಕಾದ್ದು ಪೇಪರ್, ಅದೂ ಫೋನಿನಲ್ಲಿ.

ಬೈಂಡ್ ಮಾಡಿಸಿ ಇಟ್ಟದ್ದು ಏನಾಗುತ್ತದೆಂದು ನಿಮಗೂ ಗೊತ್ತಲ್ವಾ? ಬೇಕಾದ ಹಾಳೆಗೇ ಬ್ಲೇಡು ಬಿದ್ದಿರುತ್ತದೆ. ಉಳಿದದ್ದಕ್ಕೆ ಜುಲೈಯಲ್ಲಿ ಬೂಷ್ಟು. ವಾಟ್ಸಾಪ್ ಗ್ರೂಪ್ ಮಾಡಿದೆ, ಒಂದೇ ಸೆಮಿಸ್ಟರ್‌ಗೆ ಸಾಕಾಯಿತು. ರಾತ್ರಿ 11ಕ್ಕೆ "ಸಾರ್, ಎಕನಾಮಿಕ್ಸ್ ಇನ್ನೊಂದ್ಸಲ ಹಾಕಿ." ಆಮೇಲೆ ಡ್ರೈವ್ ಲಿಂಕ್ ಕೊಟ್ಟೆ. ಮಳೆಗಾಲದಲ್ಲಿ ಇಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಅದೂ ಮುಗಿಯಿತು.

ಲೈಬ್ರರಿ ಸಾಫ್ಟ್‌ವೇರ್ ಕೋಹಾಗೆ ಹೊಸ ಸರ್ವರ್ ಬಂದ ಮೇಲೆ ಹಳೇ ಕಂಪ್ಯೂಟರ್ ಮೂಲೆಗೆ ಬಿದ್ದಿತ್ತು. ಅದಕ್ಕೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ, ಫೋನುಗಳಿಗೆ ಪೇಜ್ ಕಳಿಸುವ ಅಪಾಚೆ ಸಾಫ್ಟ್‌ವೇರ್ ಹಾಕಿ ಒಂದು ರೌಟರ್‌ಗೆ ಜೋಡಿಸಿದೆ. ಇಂಟರ್ನೆಟ್ ಇಲ್ಲ. ಲೈಬ್ರರಿಯೊಳಗೆ ವೈಫೈ ಹಿಡಿದು ಪೇಪರ್ ಇಳಿಸಿಕೊಳ್ಳುವುದು, ಅಷ್ಟೇ. "ನೆಟ್ಟೇ ಇಲ್ಲದ ವೈಫೈ ಎಂಥಕ್ಕೆ ಮಾರಾಯ್ರೆ?" ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು.

ಮೊದಲ ತಿಂಗಳು ಅವರ ಮಾತೇ ನಿಜವಾಯಿತು. ರೌಟರ್ ಕಬ್ಬಿಣದ ರ್‍ಯಾಕುಗಳ ಹಿಂದಿತ್ತು, ಸಿಗ್ನಲ್ ರೀಡಿಂಗ್ ಹಾಲ್ ಮುಟ್ಟಲಿಲ್ಲ. ಜಾಗ ಬದಲಿಸಿದರೆ 25-30 ಫೋನಿಗೆ ಅದು ಸುಸ್ತು. ಇನ್ನೊಂದು ರೌಟರ್ ತಂದೆ. ಅದಕ್ಕಿಂತ ದೊಡ್ಡ ಕಾಟ ಫೋನುಗಳದ್ದು. ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಎಂದು ತಿಳಿದ ಕೂಡಲೇ ತಾವೇ ಮೊಬೈಲ್ ಡೇಟಾಕ್ಕೆ ಜಿಗಿಯುತ್ತವೆ, ಪೇಜ್ ತೆರೆಯುವುದಿಲ್ಲ. ಡೇಟಾ ಆಫ್ ಮಾಡಿ ಎಂದು ಎಷ್ಟು ಜನಕ್ಕೆ ಹೇಳುವುದು? ಸರ್ವರ್ ಕಡೆಯಿಂದಲೇ ಅದಕ್ಕೊಂದು ಉಪಾಯ ಮಾಡಿದ್ದೇನೆ. ಎರಡು ಭಾನುವಾರ ತಿಂದ ಉಪಾಯ, ಇಲ್ಲಿ ಬರೆಯುವುದಿಲ್ಲ. ಬಂದು ನೋಡಿ, ಚಹಾ ಕೊಟ್ಟು ತೋರಿಸುತ್ತೇನೆ.

ಖರ್ಚು ನೆನಪಿದ್ದಂತೆ: ರೌಟರ್ ಎರಡಕ್ಕೆ 3,000 ಚಿಲ್ಲರೆ, ಯುಪಿಎಸ್ ಬ್ಯಾಟರಿಗೆ ಸಾವಿರದ ಆಸುಪಾಸು, ವೈರು ಗಿಯರು ಸೇರಿ ಐದು ಸಾವಿರ ದಾಟಿಲ್ಲ. ಬಿಲ್ ಪಾಸಾಗಲು ಏಳು ತಿಂಗಳು ಬೇಕಾಯಿತು. ಅಲ್ಲಿವರೆಗೆ ನನ್ನ ಜೇಬು.

ನಿಜವಾದ ಕೆಲಸ ಇದ್ದದ್ದು ಫೈಲಿನ ಹೆಸರಿನಲ್ಲಿ. ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಟ್ಟಿ ಫೋನಿನಲ್ಲಿ ಗಿಜಿಬಿಜಿ. ಎಲ್ಲವನ್ನೂ ಫೋನು ಓದಬಲ್ಲ ಯುನಿಕೋಡ್‌ಗೆ ತಂದೆ. ಅದಾದ ಮೇಲೆ ಸಿಲಬಸ್ ಗೋಜಲು. ಮೊದಲು ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ), 2021ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ), 2024ರಿಂದ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ). ನಾನು ಬರೀ ವಿಷಯ, ಸೆಮಿಸ್ಟರ್ ನೋಡಿ ಜೋಡಿಸಿದ್ದೆ. ಎಸ್‌ಇಪಿಯ ಹುಡುಗಿಯೊಬ್ಬಳು ಎನ್‌ಇಪಿ ಪೇಪರ್ ಓದಿಕೊಂಡು ಹೋಗಿ ಪರೀಕ್ಷೆ ಬರೆದು ಬಂದಳು. ಬೈಯಲಿಲ್ಲ. ಎರಡೂ ಪೇಪರ್ ಕೌಂಟರ್ ಮೇಲೆ ಅಕ್ಕಪಕ್ಕ ಇಟ್ಟು ಸುಮ್ನೆ ನಿಂತಳು. ಅವತ್ತು ಸಂಜೆಯೇ ಮೂರು ಫೋಲ್ಡರ್, ಮೂರು ಬಣ್ಣ ಮಾಡಿದೆ. "2020ರ ಎರಡನೇ ಸೆಮ್ ಯಾಕಿಲ್ಲ?" ಎಂದು ಈಗಲೂ ಕೇಳುತ್ತಾರೆ. ಕೋವಿಡ್ ವರ್ಷ ಫೈನಲ್‌ನವರನ್ನು ಬಿಟ್ಟು ಉಳಿದವರಿಗೆ ಆ ಪರೀಕ್ಷೆಯೇ ಆಗಿರಲಿಲ್ಲ. ಅದನ್ನೂ ಬರೆದು ಅಂಟಿಸಿದ್ದೇನೆ.

ನಡುವೆ ಟೆಸರಾಕ್ಟ್ ಎಂಬ ಸಾಫ್ಟ್‌ವೇರಿನಲ್ಲಿ ಓಸಿಆರ್ ಮಾಡಿ, ಅಂದರೆ ಸ್ಕ್ಯಾನ್ ಚಿತ್ರದ ಅಕ್ಷರವನ್ನು ಟೈಪ್ ಅಕ್ಷರವಾಗಿಸಿ, ಪೇಪರಿನ ಒಳಗೂ ಹುಡುಕುವ ಹಾಗೆ ಮಾಡಲು ಹೊರಟೆ. ಇಂಗ್ಲಿಷ್ ಪರವಾಗಿಲ್ಲ. ನಮ್ಮ ಮಸುಕು ಜೆರಾಕ್ಸ್‌ನಲ್ಲಿ ಒತ್ತಕ್ಷರಗಳೆಲ್ಲ ಕಲಸುಮೇಲೋಗರ. ಬಿಟ್ಟೆ.

ಈಗ ದಿನಕ್ಕೆ 60-70 ಫೋನ್ ಸೇರುತ್ತವೆ, ಪರೀಕ್ಷೆ ವಾರ ಅದರ ಎರಡು ಪಟ್ಟು. ಪೇಪರ್ ಇಳಿಸಲು ಬಂದವರಲ್ಲಿ ಕೆಲವರು ಕೂತು ಓದುತ್ತಾರೆ. ರಿಜಿಸ್ಟರಿನಲ್ಲಿ ಪುಸ್ತಕದ ಇಶ್ಯೂ ಸಹ ಸ್ವಲ್ಪ ಏರಿದೆ.

ಕಂಪ್ಯೂಟರ್ ಇಟ್ಟದ್ದು ನಿಘಂಟುಗಳ ಕಪಾಟಿನ ಕೆಳಖಾನೆಯಲ್ಲಿ, ಹಿಂದಿನ ಹಲಗೆ ತೆಗೆದು. ಮೊದಲು ಅಲ್ಲಿ ಥಂಡಿಗೆ 40 ವಾಟ್ ಬಲ್ಬು ಉರಿಸುತ್ತಿದ್ದೆವು. ಈಗ ಕಂಪ್ಯೂಟರಿನ ಬಿಸಿಗೇ ಎರಡು ಮಳೆಗಾಲದಿಂದ ಆ ಸಾಲಿಗೆ ಬೂಷ್ಟು ಹಿಡಿದಿಲ್ಲ. ಸ್ಟಾಫ್ ರೂಮಿನಲ್ಲಿ ನಕ್ಕವರೇ ಮಳೆಯಲ್ಲಿ ನೆಂದ ಅಟೆಂಡೆನ್ಸ್ ಪುಸ್ತಕ ಒಣಗಿಸಲು ಅಲ್ಲಿಗೆ ತರುತ್ತಾರೆ.