ಹಳೇ ಫೈಬರ್ ಹಾಯಿದೋಣಿ: ಕೊಳ್ಳುವ ಮುನ್ನ ತಟ್ಟಿ ನೋಡಿ

ಹಲಸಿನ ಹಣ್ಣನ್ನು ಬಣ್ಣ ನೋಡಿ ಯಾರೂ ಕೊಳ್ಳುವುದಿಲ್ಲ. ತಟ್ಟಿ, ಸದ್ದು ಕೇಳಿ, ಆಮೇಲೆ ಚೌಕಾಸಿಗೆ ಇಳಿಯುತ್ತಾರೆ. ಅರವತ್ತು ವರ್ಷ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿಯನ್ನು ನೋಡುವ ಕ್ರಮವೂ ಹೆಚ್ಚುಕಮ್ಮಿ ಇದೇ.

ಇಲ್ಲಿ ಮಾದರಿಗೆ ಅಮೆರಿಕದ ಪಿಯರ್ಸನ್ ಟ್ರೈಟನ್ ಇಟ್ಟುಕೊಳ್ಳೋಣ. ಇದನ್ನು ಕಟ್ಟಿದವರು ರೋಡ್ ಐಲೆಂಡ್ ರಾಜ್ಯದ ಬ್ರಿಸ್ಟಲ್ ಊರಿನ ಕ್ಲಿಂಟನ್ ಮತ್ತು ಎವರೆಟ್ ಪಿಯರ್ಸನ್, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ವಿನ್ಯಾಸ ಸ್ವೀಡನ್ ಮೂಲದ ಕಾರ್ಲ್ ಆಲ್‌ಬರ್ಗ್ ಅವರದು. 1959ರ ನ್ಯೂಯಾರ್ಕ್ ಬೋಟ್ ಶೋನಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಆಗಿನ ಬೆಲೆ 10,000 ಡಾಲರ್ ಒಳಗೆ. ಅಲ್ಲಿಯವರೆಗೆ ಸಮುದ್ರಯಾನದ ಹಾಯಿದೋಣಿ ಎಂದರೆ ಬಹುಪಾಲು ಮರದ್ದು, ಹಣವಂತರದ್ದು. ಟ್ರೈಟನ್ ಮಾತ್ರ 700ಕ್ಕೂ ಹೆಚ್ಚು ತಯಾರಾದವು. ಬಹಳಷ್ಟು ಇನ್ನೂ ತೇಲುತ್ತಿವೆ.

ಮೊದಲು ದೋಣಿ ದಡದ ಮೇಲಿರುವಾಗ ಹತ್ತು ಹೆಜ್ಜೆ ಹಿಂದೆ ಸರಿದು ಪಕ್ಕದಿಂದ ನೋಡಿ. ಒಟ್ಟು ಉದ್ದ 28.5 ಅಡಿ. ಆದರೆ ನೀರಿಗೆ ತಾಗುವ ಉದ್ದ ಬರೀ 20.5 ಅಡಿ. ಮೂತಿ, ಹಿಂಭಾಗ ಎರಡೂ ನೀರಿನ ಮೇಲೆ ಚಾಚಿಕೊಂಡಿರುತ್ತವೆ. ಚಂದಕ್ಕೆ ಮಾತ್ರ ಅಲ್ಲ. ಆಗಿನ ಪಂದ್ಯದ ನಿಯಮಗಳಲ್ಲಿ ನೀರಿಗೆ ತಾಗುವ ಉದ್ದ ಕಡಿಮೆ ಇದ್ದರೆ ಲಾಭವಿತ್ತು. ಗಾಳಿಗೆ ದೋಣಿ ವಾಲಿದಾಗ ಆ ಚಾಚು ಭಾಗವೂ ನೀರಿಗಿಳಿದು ಉದ್ದ ಬೆಳೆಯುತ್ತದೆ! ಹಾಗಂತ ಓಟ ನಿರೀಕ್ಷಿಸಬೇಡಿ. ಈ ಉದ್ದಕ್ಕೆ ಸುಮಾರು 6 ನಾಟ್, ಅಂದರೆ ಗಂಟೆಗೆ 11 ಕಿ.ಮೀ. ಆರಾಮಾಗಿ ಸೈಕಲ್ ಹೊಡೆದ ಹಾಗೆ.

ಈಗ ಬಗ್ಗಿ ಅಡಿ ನೋಡಿ. ಇಂದಿನ ದೋಣಿಗಳಿಗೆ ಅಡಿಯಲ್ಲಿ ಕೀಲ್ ಎಂಬ ಒಂದು ರೆಕ್ಕೆ, ದೂರದಲ್ಲಿ ಒಂಟಿ ಚುಕ್ಕಾಣಿ. ಇದರಲ್ಲಿ ಕೀಲ್ ಉದ್ದಕ್ಕೂ ಇಳಿದು ಬಂದಿದೆ, ಚುಕ್ಕಾಣಿ ಅದರ ತುದಿಗೇ ಬಾಗಿಲಿನಂತೆ ಕಚ್ಚಿಕೊಂಡಿದೆ. ತೇಲುವ ಹಗ್ಗ, ಬಲೆ ಸುಲಭಕ್ಕೆ ಸಿಕ್ಕಿಕೊಳ್ಳುವುದಿಲ್ಲ. ತಳದಲ್ಲಿ ಒಂದು ಟನ್‌ಗೂ ಜಾಸ್ತಿ ಸೀಸ. ಅಗಲ ಎಂಟು ಅಡಿ ಚಿಲ್ಲರೆ, ಹಾಗಾಗಿ ಸಣ್ಣ ಗಾಳಿಗೂ ಬೇಗ ವಾಲುತ್ತದೆ. ಹೊಸಬರಿಗೆ ಎದೆ ಝಲ್ಲೆನ್ನುತ್ತದೆ. ಸ್ವಲ್ಪ ವಾಲಿದ ಮೇಲೆ ಸೀಸ ಹಿಡಿದು ನಿಲ್ಲಿಸುತ್ತದೆ. ರಿವರ್ಸ್ ಹೋಗುವುದರಲ್ಲಿ ಮಾತ್ರ ಇದು ಮಹಾ ಹಟಮಾರಿ.

ಒಡಲಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫೈಬರ್ ಎಂಬ ಹೊಸ ವಸ್ತುವಿನ ಮೇಲೆ ಪೂರ್ತಿ ನಂಬಿಕೆ ಇಲ್ಲದ ಕಾಲ ಅದು. ಗಾಜಿನ ನಾರು, ರಾಳ ಧಾರಾಳವಾಗಿ ಸುರಿದಿದ್ದಾರೆ. ಅಲ್ಲಲ್ಲಿ ಗುಳ್ಳೆ ಎದ್ದಿರಬಹುದು, ಒಡೆದರೆ ವಿನೆಗರ್ ವಾಸನೆಯ ನೀರು ಬರುತ್ತದೆ. ನಾಲ್ಕಾರು ಇದ್ದರೆ ರಿಪೇರಿ ಮಾಡಬಹುದು, ಮೈ ತುಂಬ ಇದ್ದರೆ ಬೆಲೆ ಇಳಿಸಿ ಕೇಳಿ.

ನಿಜವಾದ ಪರೀಕ್ಷೆ ಡೆಕ್ ಮೇಲೆ, ಅಂದರೆ ದೋಣಿಯ ಮೇಲ್‌ಹಾಸಿನ ಮೇಲೆ. ಫೈಬರ್ ಕೊಳೆಯುವುದಿಲ್ಲ, ಅದರೊಳಗೆ ಅಡಗಿರುವ ಮರ ಕೊಳೆಯುತ್ತದೆ. ಡೆಕ್ ಎಂದರೆ ಎರಡು ಫೈಬರ್ ಪದರ, ನಡುವೆ ಹಗುರವಾದ ಬಾಲ್ಸಾ ಮರ. ಒಂದು ಸಡಿಲ ಸ್ಕ್ರೂ ಸಾಕು, ವರ್ಷಗಟ್ಟಲೆ ಮಳೆನೀರು ಹನಿಹನಿಯಾಗಿ ಒಳಗಿಳಿಯುತ್ತದೆ. ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಗೇಣು ಗೇಣಿಗೂ ತಟ್ಟುತ್ತಾ ಹೋಗಿ. ಟಕ್ ಟಕ್ ಅಂದರೆ ಗಟ್ಟಿ. ಸದ್ದು ಇದ್ದಕ್ಕಿದ್ದಂತೆ ಸತ್ತು ದಬ್ ಅಂದರೆ ಒಳಗೆ ನೆನೆದ ಬ್ರೆಡ್ಡಿನಂಥ ಮರ. ಆ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹಾಯಿಕಂಬದ ತಂತಿಗಳನ್ನು ಹಿಡಿಯುವ ಲೋಹದ ಪಟ್ಟಿಗಳು ಡೆಕ್ ತೂರಿ ಒಳಗಿಳಿಯುವ ಕಡೆ ಎರಡೆರಡು ಸಲ ತಟ್ಟಿ.

ಇನ್ನು ಕೆಳಗಿಳಿದು ಮುಂದಿನ ಕೋಣೆಯ ಬಾಗಿಲು ಹಾಕಿ ನೋಡಿ. ಸುಮ್ನೆ ಅಲ್ಲ. ಟ್ರೈಟನ್‌ನಲ್ಲಿ ಹಾಯಿಕಂಬ ತಳದವರೆಗೆ ಇಳಿದಿಲ್ಲ, ಕ್ಯಾಬಿನ್ನಿನ ಮೇಲೆ ನಿಂತಿದೆ. ಅದರ ಭಾರ ಹೊರುವುದು ಒಳಗಿನ ಮರದ ತೊಲೆ. ತೊಲೆ ಜಗ್ಗಿದರೆ ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ. ಮಾಲೀಕರು 'ಮಳೆಗಾಲಕ್ಕೆ ಉಬ್ಬಿದೆ' ಎಂದರೆ ನಕ್ಕು, ತಲೆಯೆತ್ತಿ ತೊಲೆ ನೋಡಿ.

ಎಂಜಿನ್ ಹೆಸರು 'ಆಟಾಮಿಕ್ 4'. ಹೆದರಬೇಡಿ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಅಷ್ಟೆ. ಹೆದರಬೇಕಾದ್ದು ಪೆಟ್ರೋಲ್ ಆವಿಗೆ. ಅದು ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂತುಬಿಡುತ್ತದೆ. ಮೊದಲು ಫ್ಯಾನ್ ಹಾಕಿ ಆವಿ ಹೊರಗೆ ಕಳಿಸಿ, ಮೂಗಿನಿಂದ ಖಾತ್ರಿ ಮಾಡಿಕೊಂಡು, ಆಮೇಲೆ ಸ್ಟಾರ್ಟ್ ಮಾಡಿ. ಇಂಥದೇ ಟ್ರೈಟನ್‌ನಲ್ಲಿ ಎರಡು ಬಾರಿ ಭೂಮಿ ಸುತ್ತಿದ ಜೇಮ್ಸ್ ಬಾಲ್ಡ್‌ವಿನ್ ಒಳಗಿನ ಎಂಜಿನ್ನನ್ನೇ ಕಿತ್ತುಹಾಕಿದರು.

ಇಷ್ಟರಲ್ಲಿ ಪಾಸಾದರೆ ನೀರಿಗಿಳಿಸಿ, ಹಾಯಿ ಏರಿಸಿ. ಹದವಾದ ಗಾಳಿಯಲ್ಲಿ ಹಾಯಿಗಳನ್ನು ಸರಿ ಮಾಡಿಕೊಂಡು, ಚುಕ್ಕಾಣಿಯ ಹಿಡಿಯನ್ನು ನಿಧಾನಕ್ಕೆ ಬಿಡಿ. ದೋಣಿ ತಕ್ಷಣ ಗಾಳಿಯ ಕಡೆ ಮೂತಿ ತಿರುಗಿಸಿದರೆ ಹಾಯಿ ಜಾಸ್ತಿಯಾಗಿದೆ, ಸ್ವಲ್ಪ ಇಳಿಸಿ ಮತ್ತೆ ಬಿಡಿ. ಹಿಡಿ ಬಿಟ್ಟರೂ ದೋಣಿ ನೇರ ಸಾಗಿದರೆ, ಆ ಉದ್ದನೆಯ ಕೀಲ್ ಯಾಕಿದೆ ಅಂತ ಗೊತ್ತಾಗುವುದು ಆಗಲೇ.