ಆನೆ ನೋಡೋಕೆ ಹೊರಡುವ ಮುಂಚೆ ಒಂದು ಫೋನು

ನಮ್ಮ ಗಂಗಾವತಿ ಕಡೆ ಕಾಡಾನೆ ಇಲ್ಲ. ಇರೋದು ಕರಡಿ, ಚಿರತೆ. ಹಂಪಿಯ ಗಜಶಾಲೆಯ 11 ಕೋಣೆಗಳೂ ಖಾಲಿ. ವಿರೂಪಾಕ್ಷ ಗುಡಿಯ ಆನೆ ಲಕ್ಷ್ಮಿಯಿಂದ ಆಶೀರ್ವಾದ ಮಾಡಿಸಿಕೊಂಡೇ ಬೆಳೆದ ನನ್ನ ಮಕ್ಕಳು, ಆನೆಗಳ ಗುಂಪು ನೋಡಬೇಕು ಅಂತ ಹಟ ಹಿಡಿದರು.

ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿಬಿಡೋದು ನನ್ನ ಅಭ್ಯಾಸ. ಹೆಸರಲ್ಲೇ 'ಸ್ಯಾಂಕ್ಚುರಿ' ಇಟ್ಟುಕೊಂಡ ಒಂದು ಖಾಸಗಿ ಜಾಗಕ್ಕೆ ಹಚ್ಚಿದೆ. ಸವಾರಿ ಇದೆಯಾ ಅಂದೆ. "ಛೇ ಛೇ, ನಮ್ಮಲ್ಲಿ ಅದೆಲ್ಲ ಇಲ್ಲ ಸಾರ್. ನೀವೇ ಆನೆಗೆ ಸ್ನಾನ ಮಾಡಿಸಬಹುದು, ಗಂಟೆಗೊಂದು ಬ್ಯಾಚ್" ಅಂದರು. ಅಂದ್ರೆ ಆ ಆನೆ ಗಂಟೆಗೊಂದು ಸಲ ನೀರಲ್ಲಿ ಮಲಗಬೇಕು, ಅಲ್ವಾ? ರಾತ್ರಿ ಆನೆ ಎಲ್ಲಿರುತ್ತೆ ಅಂತ ಕೇಳಿದ್ದಕ್ಕೆ ಮಾತು ಪ್ಯಾಕೇಜ್ ರೇಟಿಗೆ ಹೊರಳಿತು. ಅಲ್ಲಿಗೆ ಬಿಟ್ಟೆ.

ಸವಾರಿ ಯಾಕೆ ಬೇಡ ಅಂದ್ರೆ, ಆನೆಯ ಬೆನ್ನುಮೂಳೆ ಮೇಲಕ್ಕೆ ಚೂಪಾಗಿ ಎದ್ದಿರುತ್ತೆ, ಅಂಬಾರಿಯ ಭಾರ ನೇರ ಅದರ ಮೇಲೇ ಕೂರುತ್ತೆ. ಮುಟ್ಟೋದೂ ಸುಮ್ನೆ ಅಲ್ಲ. ಮನುಷ್ಯರ ಕ್ಷಯ ಆನೆಗೆ ಅಂಟುತ್ತೆ, ಆನೆಯದು ನಮಗೂ.

ಕೊನೆಗೆ ಹೋಗಿದ್ದು ಸಕ್ರೆಬೈಲಿಗೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿ.ಮೀ., ಅರಣ್ಯ ಇಲಾಖೆಯ ಬಿಡಾರ. ಪಳಗಿಸಿದ ಆನೆಗಳೇ, ಕಾಲಿಗೆ ಸರಪಳಿಯೂ ಇದೆ, ಅದನ್ನು ಮುಚ್ಚಿಡೋದು ಬೇಡ. ಆದರೆ ನೋಡುಗರ ಹೊತ್ತು ಮುಗಿದ ಮೇಲೆ ಅವನ್ನು ಮೇಯಲು ಕಾಡಿಗೆ ಬಿಡ್ತಾರೆ. ಎಳೆದಾಡುವ ಆ ಉದ್ದ ಸರಪಳಿಯ ಗುರುತು ಹಿಡಿದೇ ಮರುದಿನ ಮಾವುತ, ಅವನ ಸಹಾಯಕ ಕಾವಾಡಿ ಹುಡುಕಿಕೊಂಡು ಹೋಗಿ ಕರೆತರ್ತಾರೆ. ನನಗೆ ಬೇಕಿದ್ದ ಉತ್ತರ ಇದು.

ನಾವು ನೀರಿಗಿಳಿಯಲಿಲ್ಲ, ದಡದಲ್ಲೇ ನಿಂತೆವು. ತುಂಗೆಯ ಹಿನ್ನೀರಲ್ಲಿ ಒಂದು ಹೆಣ್ಣಾನೆ ಪಕ್ಕಕ್ಕೆ ಒರಗಿತ್ತು, ಸೊಂಡಿಲ ತುದಿ ಮಾತ್ರ ಮೇಲೆ. ಮಾವುತ ಕಿವಿಯ ಹಿಂದಿನ ಮಡಿಕೆಯನ್ನು ಬ್ರಷ್‌ನಿಂದ ಉಜ್ಜಿದ, ಆಮೇಲೆ ಒಂದೊಂದೇ ಉಗುರಿನ ಸಂದಿ ನೋಡಿದ. ಕಟ್ಟಿಹಾಕಿದ ಆನೆಗಳಿಗೆ ಕಾಯಿಲೆ ಶುರುವಾಗೋದು ಜಾಸ್ತಿ ಪಾದದಲ್ಲೇ. ಎಲ್ಲಿಗೆ ಹೋದರೂ ನಾನು ಪಾದ ನೋಡ್ತೀನಿ, ತಲೆ ನೋಡ್ತೀನಿ. ನಿಂತಲ್ಲೇ ಬಿಡದೆ ತೂಗಾಡುತ್ತಿದ್ದರೆ ಜನ "ಕುಣೀತಿದೆ" ಅಂತ ವಿಡಿಯೋ ಮಾಡ್ತಾರೆ, ಅದು ಬೇಸರ, ಒತ್ತಡದ ಲಕ್ಷಣ.

ಮಗ ಮಾತ್ರ "ಮುಟ್ಟಿಸಲೇ ಇಲ್ಲ" ಅಂತ ವಾಪಸ್ ಬಸ್ಸಲ್ಲಿ ದಾವಣಗೆರೆ ತನಕ ಮುನಿಸಿಕೊಂಡಿದ್ದ. ದರೋಜಿಯಲ್ಲಿ ಕರಡಿಯನ್ನು ವಾಚ್ ಟವರ್‌ನಿಂದಲೇ ನೋಡಿದ್ದು ಯಾಕೆ ಅಂದೆ. "ಅದು ಕಚ್ಚುತ್ತೆ" ಅಂದ. ಆ ವಾದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಮಿರ್ಚಿ ಕೊಡಿಸಿದೆ.