ಗ್ಲೇಜಿಗೆ ಲಿಥಿಯಂ ಕಾರ್ಬೊನೇಟ್: ನನ್ನ ಅನುಭವ

ಮೈಸೂರಿನಲ್ಲಿ ನನ್ನದೊಂದು ಸಣ್ಣ ಸೆರಾಮಿಕ್ ಸ್ಟುಡಿಯೊ. ಗ್ಲೇಜ್ ಅಂದರೆ ಮಣ್ಣಿನ ಪಾತ್ರೆಗೆ ಹಚ್ಚಿ ಸುಡುವ ಗಾಜಿನಂಥ ಲೇಪ. ತಾಮ್ರದ ಗ್ಲೇಜಿನಲ್ಲಿ ಹಸಿರಲ್ಲ, ಒಳ್ಳೆ ನೀಲಿ ಬೇಕಿತ್ತು. ಅದಕ್ಕೇ ಲಿಥಿಯಂ ಕಾರ್ಬೊನೇಟ್ ಹಿಡಿದೆ.

ಬಿಳಿ ಪುಡಿ, ವಾಸನೆ ಇಲ್ಲ. 723 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಗ್ಲೇಜಿನಲ್ಲಿ ಜೊತೆಗಿರುವ ಸಿಲಿಕಾ, ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿಗಳನ್ನೂ ಬೇಗ ಕರಗಿಸುತ್ತದೆ. ನೂರು ಗ್ರಾಂ ಒಣ ಮಿಶ್ರಣಕ್ಕೆ ನಾನು ಹಾಕೋದು ಎರಡು ಮೂರು ಗ್ರಾಂ ಅಷ್ಟೇ. ಜಾಸ್ತಿಯಾದರೆ ತಣಿಯುವಾಗ ಗ್ಲೇಜ್ ಕೆಳಗಿನ ಜೇಡಿಮಣ್ಣಿನಷ್ಟು ಕುಗ್ಗುವುದಿಲ್ಲ. ಅಂಥ ಬಟ್ಟಲಿನ ಅಂಚಿನ ಮೇಲೆ ಉಗುರು ಆಡಿಸಿ ನೋಡಿ, ಚೂಪಾದ ಗಾಜಿನ ಸಿಪ್ಪೆ ಎದ್ದು ಬರುತ್ತದೆ.

ಹೊಸಬರು ಗಮನಿಸಬೇಕಾದ್ದು ನೀರಿನ ವಿಷಯ. ಈ ಉಪ್ಪು ತಣ್ಣೀರಲ್ಲಿ ಸ್ವಲ್ಪ ಕರಗುತ್ತದೆ: 20 ಡಿಗ್ರಿಯಲ್ಲಿ 100 ಮಿಲಿಗೆ ಸುಮಾರು 1.3 ಗ್ರಾಂ. ಬಿಸಿನೀರಲ್ಲಿ ಇನ್ನೂ ಕಡಿಮೆ, ಸಕ್ಕರೆಗೆ ತದ್ವಿರುದ್ಧ! ಹಾಗಾಗಿ ಗ್ಲೇಜ್ ಕಲಸಿಟ್ಟ ಬಕೆಟ್ಟಿನಲ್ಲಿ ಮೇಲೆ ನಿಂತ ತಿಳಿನೀರನ್ನು ಚೆಲ್ಲಿದರೆ ಲಿಥಿಯಂ ಕೂಡ ಹೋಯಿತು ಅಂತಲೇ ಲೆಕ್ಕ. ಹಳೇ ಬಕೆಟ್ಟಿನಲ್ಲಿ ಹರಳು ಕಟ್ಟುತ್ತದೆ. ನಾನು ಬೇಕಾದಷ್ಟನ್ನೇ ಕಲಸಿ ಬೇಗ ಮುಗಿಸುತ್ತೇನೆ.

ಈ ತೊಂದರೆ ಬೇಡ ಅನ್ನುವವರಿಗೆ ಸ್ಪೊಡುಮೀನ್ ಅನ್ನೋ ಲಿಥಿಯಂ ಖನಿಜದ ಪುಡಿ ಇದೆ. ನಮ್ಮ ಪಕ್ಕದ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣದ ಸುತ್ತ 1,600 ಟನ್ ಲಿಥಿಯಂ ಇದೆಯೆಂದು ಅಂದಾಜು ಮಾಡಿದ್ದಾರಲ್ವಾ, ಅದು ಇರೋದೂ ಈ ಖನಿಜದ ರೂಪದಲ್ಲೇ. ಸ್ಪೊಡುಮೀನ್ ನೀರಲ್ಲಿ ಕರಗಲ್ಲ. ಆದರೆ ಜೊತೆಗೆ ಅಲ್ಯೂಮಿನಾ, ಸಿಲಿಕಾ ತರುತ್ತದೆ, ಗ್ಲೇಜಿನ ಅಳತೆಯನ್ನು ಹೊಸದಾಗಿ ಲೆಕ್ಕ ಹಾಕಬೇಕು.

ಇನ್ನು ಸುರಕ್ಷತೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆಯಲ್ಲಿ ಇರೋದು ಇದೇ ಉಪ್ಪು. ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ, ಅದಕ್ಕೇ ವೈದ್ಯರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಕಿಡ್ನಿ, ಥೈರಾಯ್ಡ್ ಎರಡಕ್ಕೂ ಪೆಟ್ಟು ಬೀಳಬಹುದು. ಸ್ಟುಡಿಯೊದಲ್ಲಿ ಇದನ್ನು ಸುಮ್ನೆ ಬಿಳಿ ಪುಡಿ ಅಂದುಕೊಳ್ಳಬೇಡಿ. ತೂಗುವಾಗ ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿ. ನೀರಿಗೆ ಬಿದ್ದರೆ ಕ್ಷಾರ, ಕಣ್ಣು ಉರಿಯುತ್ತದೆ. ಪೊರಕೆ ಬೇಡವೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಡಬ್ಬಿಗೆ ಹೆಸರು ಬರೆದು ಮಕ್ಕಳಿಗೆ ಎಟುಕದಂತೆ ಇಡಿ. ಗರ್ಭಿಣಿಯರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ನಮ್ಮ ಸಾರು ಹುಣಸೆಹುಳಿಯದ್ದು, ಹುಳಿ ಸರಿಯಾಗಿ ಬೇಯದ ಗ್ಲೇಜನ್ನು ತಿನ್ನುತ್ತದೆ. ಗ್ಲೇಜ್ ಹಾಕಿದ ತುಂಡನ್ನು ಹುಳಿನೀರಲ್ಲಿ ರಾತ್ರಿಯಿಡೀ ಬಿಟ್ಟು ನೋಡುತ್ತೇನೆ. ಬಣ್ಣ ಮಾಸಿದರೆ ಅದು ಹೂದಾನಿಗೆ ಮಾತ್ರ. ಮಾಸದಿದ್ದರೂ ಅಷ್ಟಕ್ಕೇ ನಂಬುವುದಿಲ್ಲ, ಊಟದ ಪಾತ್ರೆ ಮಾರುವ ಮುಂಚೆ ಲ್ಯಾಬಿನಲ್ಲಿ ಲೀಚಿಂಗ್ ಪರೀಕ್ಷೆ, ಅಂದರೆ ಗ್ಲೇಜಿನಿಂದ ಏನಾದರೂ ಊಟಕ್ಕೆ ಬಿಟ್ಟುಕೊಳ್ಳುತ್ತದೆಯೇ ಎಂಬ ಪರೀಕ್ಷೆ ಮಾಡಿಸುತ್ತೇನೆ.